ವಿಚಿತ್ರ ಆಕಾರದ ಗಾಲ್ಫ್ ಪಟರ್ ಹೆಡ್: ಅಲ್ಯೂಮಿನಿಯಂ, ಹಿತ್ತಾಳೆ, ಪ್ಲೇಟ್ ಜೋಡಣೆ

ಪಟರ್ ಎಂದರೆ ಗ್ರೀನ್ ಮೇಲೆ, ಅಂದರೆ ಕುಳಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲಿನ ಮೇಲೆ, ಚೆಂಡನ್ನು ಉರುಳಿಸುವ ಗಾಲ್ಫ್ ಕೋಲು; ಉದ್ದನೆಯ ಕೊಳವೆ ಶಾಫ್ಟ್, ಅದರ ತುದಿಯಲ್ಲಿ ಚೆಂಡಿಗೆ ತಾಗುವ ಲೋಹದ ತಲೆಯೇ ಹೆಡ್. ಮೊದಲೇ ಹೇಳಿಬಿಡುತ್ತೇನೆ. ಹಿಂದಕ್ಕೆ ಎರಡು ರೆಕ್ಕೆ ಚಾಚಿದ 'ಯು' ಆಕಾರದ ಪಟರ್ ಹೆಡ್ ಮಾಡಿಸುವುದಾದರೆ 6061 ದರ್ಜೆಯ ಅಲ್ಯೂಮಿನಿಯಂನಲ್ಲಿ ಬಾಡಿ ಮಾಡಿಸಿ, ರೆಕ್ಕೆಯ ತುದಿಯಲ್ಲಿ ಸ್ಟೀಲ್ ಗುಂಡು (ದುಂಡು ರಾಡಿನ ತುಂಡು) ಕೂರಿಸಿದ್ದೇ ನನ್ನ ಆಯ್ಕೆ. ಹಿತ್ತಾಳೆಯದ್ದನ್ನೂ ಲೇಸರ್‌ನಲ್ಲಿ ಕತ್ತರಿಸಿದ ಪ್ಲೇಟ್‌ಗಳನ್ನು ಬೋಲ್ಟ್ ಹಾಕಿ ಜೋಡಿಸಿದ್ದನ್ನೂ ಇದೇ ಆಕಾರದಲ್ಲಿ ಮಾಡಿಸಿ, ಕೋಲಾರದ ಜಿಯಾನ್ ಹಿಲ್ಸ್ ಗಾಲ್ಫ್ ಕೋರ್ಸ್‌ನ ಗ್ರೀನ್‌ಗಳ ಮೇಲೆ ಆಡಿ ನೋಡಿಯೇ ಹೇಳುತ್ತಿದ್ದೇನೆ. ಮಾಲೂರು, ವೇಮಗಲ್ ಕಡೆ ಮಿಲ್ಲಿಂಗ್ ಮಾಡಿಕೊಡುವ ಜಾಬ್ ವರ್ಕ್ ಶಾಪ್‌ಗಳಿಗೆ ಬರವಿಲ್ಲ. ಪೀಣ್ಯದಲ್ಲಿ ಬೇಕಾದ ಅಳತೆಗೆ ತುಂಡು ಕೊಯ್ದು ಕೊಡುತ್ತಾರೆ. ಹಾಗಾಗಿ ಕೋಲಾರದ ಸುತ್ತಮುತ್ತ ಇರುವವರಿಗೆ ಇದು ಕೈಗೆಟುಕದ ಕೆಲಸವೇನಲ್ಲ.

ಡ್ರಾಯಿಂಗ್ ಶುರು ಮಾಡುವ ಮುನ್ನ ಗಾಲ್ಫ್ ನಿಯಮ ರೂಪಿಸುವ ಸಂಸ್ಥೆಗಳಾದ ಆರ್ ಅಂಡ್ ಎ ಮತ್ತು ಯುಎಸ್‌ಜಿಎ ನಿಯಮ ಪಕ್ಕದಲ್ಲಿರಲಿ. ಹೀಲ್‌ನಿಂದ (ಆಟಗಾರನ ಕಡೆಯ ತುದಿ) ಟೋವರೆಗಿನ (ಆಚೆ ತುದಿ) ಉದ್ದ, ಫೇಸ್‌ನಿಂದ (ಚೆಂಡಿಗೆ ತಾಗುವ ಮುಖ) ಹಿಂಬದಿಯವರೆಗಿನ ಆಳಕ್ಕಿಂತ ಹೆಚ್ಚಿರಬೇಕು, 177.8 ಮಿ.ಮೀ. ಮೀರಬಾರದು. ಫೇಸ್‌ನ ಉದ್ದ ಆ ಆಳದ ಮೂರರಲ್ಲಿ ಎರಡು ಪಾಲಿಗಿಂತ ಕಡಿಮೆ ಇರಬಾರದು. ಎತ್ತರ 63.5 ಮಿ.ಮೀ. ಒಳಗಿರಬೇಕು. ಫೇಸ್‌ನಲ್ಲಿ ಆರಪಾರ ತೂತು ಇರಬಾರದು. ಶಾಫ್ಟ್ ನೆಟ್ಟಗೆ ನಿಲ್ಲುವಂತಿಲ್ಲ, ಲಂಬದಿಂದ ಕನಿಷ್ಠ 10 ಡಿಗ್ರಿ ಆಟಗಾರನ ಕಡೆ ವಾಲಿರಲೇಬೇಕು. ನಾನು ಹೇಳುತ್ತಿರುವ ಹೆಡ್ 100 ಮಿ.ಮೀ. ಉದ್ದ, 85 ಮಿ.ಮೀ. ಆಳ, ಫೇಸ್ ಹತ್ತಿರ 25 ಮಿ.ಮೀ. ಎತ್ತರ. ಎಲ್ಲವೂ ನಿಯಮದೊಳಗೇ ಬರುತ್ತವೆ.

ಈ 25 ಮಿ.ಮೀ. ಎತ್ತರದಲ್ಲಿ ಜಿಪುಣತನ ಬೇಡ. ಚೆಂಡಿನ ವ್ಯಾಸ 42.67 ಮಿ.ಮೀ., ಅಂದರೆ ಫೇಸ್ ಚೆಂಡನ್ನು ಮುಟ್ಟುವುದು ನೆಲದಿಂದ ಸುಮಾರು 20 ಮಿ.ಮೀ. ಮೇಲೆ. ತೂಕ ಉಳಿಸಲು ಫೇಸನ್ನೇ 20 ಮಿ.ಮೀ.ಗೆ ಇಳಿಸಿದರೆ ಹೆಡ್‌ನ ಮೇಲಂಚಿನಲ್ಲಿ ಹೊಡೆದಂತಾಗುತ್ತದೆ, ಚೆಂಡಿನ ವೇಗ ಒಂದೊಂದು ಸಲ ಒಂದೊಂದು ಥರ ಬರುತ್ತದೆ.

ಈಗ ತೂಕದ ಲೆಕ್ಕ. 35 ಇಂಚಿನ ಪಟರ್‌ಗೆ ಹೆಡ್ 350 ಗ್ರಾಂ ಆಸುಪಾಸಿನಲ್ಲಿದ್ದರೆ ಕೈಗೆ ಹಿತ. ಮೂರೂ ಆಯ್ಕೆಗಳ ಹಣೆಬರಹ ನಿರ್ಧಾರವಾಗುವುದು ಈ 350 ಗ್ರಾಂ ಅನ್ನು ಎಲ್ಲೆಲ್ಲಿ ಖರ್ಚು ಮಾಡುತ್ತೇವೆ ಎನ್ನುವುದರಲ್ಲೇ. ಅಲ್ಯೂಮಿನಿಯಂ ಸಾಂದ್ರತೆ ಘನ ಸೆಂ.ಮೀ.ಗೆ 2.7 ಗ್ರಾಂ. ಫೇಸ್ ಇರುವ ಮುಂದಿನ ಪಟ್ಟಿ 100 x 25 x 20 ಮಿ.ಮೀ. ಇಟ್ಟರೆ 135 ಗ್ರಾಂ. 65 ಮಿ.ಮೀ. ಉದ್ದದ ಎರಡು ರೆಕ್ಕೆಗಳು, 15 ಅಗಲ 18 ಎತ್ತರ, ಸೇರಿ 95 ಗ್ರಾಂ. ಅಲ್ಲಿಗೆ 230. ಇನ್ನೂ 120 ಗ್ರಾಂ ಕೈಯಲ್ಲಿದೆ, ಅದನ್ನು ಪೂರ್ತಿ ರೆಕ್ಕೆಯ ತುದಿಗೆ ಸುರಿಯಬಹುದು. ರೆಕ್ಕೆಯ ತುದಿಯನ್ನು 28 ಮಿ.ಮೀ. ದುಂಡಗೆ ಬಿಟ್ಟು, ಅದರೊಳಗೆ 22 ಮಿ.ಮೀ. ವ್ಯಾಸದ, 20 ಮಿ.ಮೀ. ಉದ್ದದ 304 ಸ್ಟೀಲ್ ಗುಂಡು ಕೂರಿಸಿದರೆ ಒಂದೊಂದು 60 ಗ್ರಾಂ ತೂಗುತ್ತದೆ. 22 ಎಂಎಂ ಸ್ಟೀಲ್ ರಾಡ್ ಎಲ್ಲ ಕಡೆ ಸಿಗುವ ಮಾಲು.

ಭಾರ ಮಧ್ಯದಿಂದ ದೂರ ಹೋದಷ್ಟೂ, ಚೆಂಡು ಫೇಸ್‌ನ ನಡುವೆ ತಾಗದೆ ಅರ್ಧ ಇಂಚು ಆಚೀಚೆ ತಾಗಿದರೂ ಹೆಡ್ ತಿರುಗುವುದು ಕಡಿಮೆ. ಮೇಲಿನ ಅಳತೆಗೆ ಜಡತ್ವದ (ತಿರುಗುವುದನ್ನು ತಡೆಯುವ ಗುಣದ) ಲೆಕ್ಕ ಹಾಕಿದರೆ 7,000 ಗ್ರಾಂ-ಚದರ ಸೆಂ.ಮೀ. ದಾಟುತ್ತದೆ. ಅಷ್ಟೇ ತೂಕದ ಹಿತ್ತಾಳೆಯನ್ನು ಒಂದು ಸಾದಾ ಪಟ್ಟಿಯಾಗಿ ಬಿಟ್ಟರೆ 3,000 ಅಷ್ಟೇ. ರೆಕ್ಕೆಯ ತುದಿಗಳ ನಡುವೆ ಉಳಿಯುವ ಸಂದು 44 ಮಿ.ಮೀ., ಹೆಚ್ಚುಕಡಿಮೆ ಚೆಂಡಿನಗಲ. ಗುರಿ ಹಿಡಿಯಲು ಬೇರೆ ಗೆರೆ ಕೊರೆಯುವ ಅಗತ್ಯವೇ ಬೀಳುವುದಿಲ್ಲ.

ಹಿತ್ತಾಳೆಗೆ ಬರೋಣ. ನೋಡಲು ಚಂದ, ಟೂಲ್‌ಗೆ ಮೆತ್ತಗೆ, ಫಿನಿಶ್ ಕನ್ನಡಿಯ ಹಾಗೆ. ಆದರೆ ಸಾಂದ್ರತೆ 8.5. ಇದೇ 'ಯು' ಅನ್ನು ಇದೇ ಅಳತೆಗೆ ಹಿತ್ತಾಳೆಯಲ್ಲಿ ಕಡೆದರೆ 700 ಗ್ರಾಂ ಮೀರುತ್ತದೆ, ಆಡಲು ಆಗುವುದಿಲ್ಲ. ಆದ್ದರಿಂದ ಎಲ್ಲವನ್ನೂ ಸಣಕಲು ಮಾಡಬೇಕು: ಮುಂದಿನ ಪಟ್ಟಿ 12 ಮಿ.ಮೀ., ರೆಕ್ಕೆ 8 ಮಿ.ಮೀ., ಆಳ 62ಕ್ಕೆ ಇಳಿಕೆ. 12 ಮಿ.ಮೀ. ಪಟ್ಟಿಯಲ್ಲಿ 9.5 ಮಿ.ಮೀ. ಶಾಫ್ಟ್ ತೂತು ಕೊರೆದರೆ ಎರಡೂ ಕಡೆ ಉಳಿಯುವ ಗೋಡೆ ಒಂದೂಕಾಲು ಮಿ.ಮೀ. ಮಾತ್ರ. ಅದನ್ನು ಗಟ್ಟಿ ಮಾಡಲು ಫೇಸ್ ಹಿಂದೆ ಒಂದು ಉಬ್ಬು ಬಿಡಬೇಕು, ಆ ಉಬ್ಬಿನ ತೂಕವನ್ನು ರೆಕ್ಕೆಯ ತುದಿಯಿಂದಲೇ ಕಿತ್ತುಕೊಳ್ಳಬೇಕು. ತೆಳು ರೆಕ್ಕೆಗಳು ಹೊಡೆತಕ್ಕೊಮ್ಮೆ 'ಟಿಂಯ್' ಎನ್ನುತ್ತವೆ. ಅಮೆರಿಕದ ಎಂಜಿನಿಯರ್ ಕಾರ್ಸ್ಟನ್ ಸೋಲ್‌ಹೈಮ್ 1959ರಲ್ಲಿ ಮಾಡಿದ ಪಟರ್‌ಗೆ ಪಿಂಗ್ ಎಂಬ ಹೆಸರು ಬಂದಿದ್ದೇ ಅದರ ಸದ್ದಿನಿಂದ, ಆ ಸದ್ದು ಇಷ್ಟಪಡುವವರು ಈಗಲೂ ಇದ್ದಾರೆ. ನನ್ನ ಕಿವಿಗೆ ಒಗ್ಗಲಿಲ್ಲ. ದುಡ್ಡಿನ ವಿಷಯಕ್ಕೂ ಬನ್ನಿ: 100 x 85 x 25 ತುಂಡು ಅಲ್ಯೂಮಿನಿಯಂ ಆದರೆ 575 ಗ್ರಾಂ, ಹಿತ್ತಾಳೆ ಆದರೆ 1.8 ಕೆ.ಜಿ. ಕೆ.ಜಿ. ದರವೂ ಹಿತ್ತಾಳೆಯದ್ದೇ ಜಾಸ್ತಿ, ಕೊಂಡಿದ್ದರಲ್ಲಿ ಬಹುಪಾಲು ಚೂರಾಗಿ ಗುಜರಿಗೆ ಹೋಗುತ್ತದೆ.

ಪ್ಲೇಟ್ ಜೋಡಣೆ ಮೂರರಲ್ಲಿ ಅಗ್ಗ. ತಳಕ್ಕೆ 5 ಮಿ.ಮೀ. ಸ್ಟೀಲ್ ಪ್ಲೇಟ್ ಒಂದು, ಅದರ ಮೇಲೆ 5 ಮಿ.ಮೀ. ಅಲ್ಯೂಮಿನಿಯಂ ಪ್ಲೇಟ್ ಮೂರು, ಮೇಲ್ಗಡೆ ಮುಂದಿನ ಪಟ್ಟಿಗೆ ಮಾತ್ರ ಇನ್ನೊಂದು. ಆರು ಎಂ4 ಬೋಲ್ಟ್ ಸೇರಿ 358 ಗ್ರಾಂ. ಭಾರ ತಳದಲ್ಲಿ ಕೂರುತ್ತದೆ, ಜಡತ್ವವೂ ಅಲ್ಯೂಮಿನಿಯಂ ಬಾಡಿಗಿಂತ ಸ್ವಲ್ಪವೇ ಹಿಂದೆ. ಕಾಗದದ ಮೇಲೆ ಬಹಳ ಚೆನ್ನಾಗಿದೆ. ಆಡುವಾಗ ಮಾತ್ರ ಪ್ಲೇಟ್‌ಗಳ ನಡುವೆ ಕೂದಲೆಳೆಯಷ್ಟು ಸಂದು ಇದ್ದರೂ ಸದ್ದು ಒಡಕಾಗುತ್ತದೆ. ಬೆಳಗಿನ ಇಬ್ಬನಿಯ ನೀರು ಆ ಸಂದಿನಲ್ಲೇ ನಿಲ್ಲುತ್ತದೆ. ಲೇಸರ್ ಕತ್ತರಿಸಿದ ಅಂಚು ಪಕ್ಕಾ ನೇರ ಇರುವುದಿಲ್ಲ, ಐದು ಅಂಚು ಒಂದರ ಮೇಲೊಂದು ಕೂತಾಗ ಫೇಸ್ ಮೆಟ್ಟಿಲು ಮೆಟ್ಟಿಲಾಗಿರುತ್ತದೆ. ಬೋಲ್ಟ್ ಬಿಗಿದ ಮೇಲೆ ಫೇಸನ್ನು 3 ಡಿಗ್ರಿ ಲಾಫ್ಟ್‌ಗೆ (ಫೇಸ್ ಹಿಂದಕ್ಕೆ ವಾಲಿರುವ ಕೋನ) ಮಿಲ್ಲಿಂಗ್ ಮಾಡಿಸಲೇಬೇಕು. ಆ ಖರ್ಚು ಸೇರಿದರೆ ಉಳಿತಾಯ ಅರ್ಧಕ್ಕೆ ಇಳಿಯುತ್ತದೆ. ಮರಳಿನ ಅಚ್ಚಿನಲ್ಲಿ ಎರಕ ಹೊಯ್ಯಿಸುವ ಯೋಚನೆ ಇದ್ದರೆ ಬಿಡಿ: ಒಳಗಿನ ಗಾಳಿಗುಳ್ಳೆ ತೂತು ಕೊರೆದ ಮೇಲೆಯೇ ಕಾಣುವುದು.

ಮೂರಕ್ಕೂ ಕಾಡುವ ದೊಡ್ಡ ತಲೆನೋವು ಶಾಫ್ಟ್ ತೂತು. ಆಕಾರ ಎಷ್ಟೇ ಜಾಣತನದ್ದಾಗಿರಲಿ, ಈ ಒಂದು ತೂತು ತಪ್ಪಿದರೆ ಹೆಡ್ ಗುಜರಿಗೇ. ಡ್ರಾಯಿಂಗ್ ಕೈಗಿಟ್ಟ ಕೂಡಲೇ ಆಪರೇಟರ್ ಕೇಳುವ ಮೊದಲ ಪ್ರಶ್ನೆಯೂ ಇದೇ: "ಸಾರ್, ರೆಫರೆನ್ಸ್ ಯಾವ ಕಡೆಯಿಂದ ತಗೊಳ್ಳಲಿ?" ಅಳತೆಯನ್ನೆಲ್ಲ ಯಾವ ಮೇಲ್ಮೈಯಿಂದ ಶುರು ಮಾಡಬೇಕು ಎನ್ನುವ ಈ ಪ್ರಶ್ನೆಗೆ ಉತ್ತರ ಸಿದ್ಧವಿಟ್ಟುಕೊಂಡೇ ಶಾಪ್‌ಗೆ ಹೋಗಬೇಕು.

ಲೈ ಆಂಗಲ್ (ಶಾಫ್ಟ್ ನೆಲದೊಂದಿಗೆ ಮಾಡುವ ಕೋನ) 70 ಡಿಗ್ರಿ ಎಂದರೆ ಶಾಫ್ಟ್ ಲಂಬದಿಂದ 20 ಡಿಗ್ರಿ ವಾಲಿರುತ್ತದೆ. ಹೆಡ್‌ನ ಮೇಲೆ ಸರಿಯಾಗಿ ಮಧ್ಯಕ್ಕೆ ಗುರುತು ಹಾಕಿ ಓರೆಯಾಗಿ ಕೊರೆದರೆ, ತೂತು ಕೆಳಗಿಳಿಯುತ್ತಾ ಟೋ ಕಡೆಗೆ ಸರಿಯುತ್ತದೆ. ಈ ಹೆಡ್‌ನ ಗುರುತ್ವ ಕೇಂದ್ರ ತಳದಿಂದ 11 ಮಿ.ಮೀ. ಎತ್ತರದಲ್ಲಿದೆ; ಮೇಲ್ಮೈಗೂ ಅದಕ್ಕೂ 14 ಮಿ.ಮೀ. ಅಂತರ. 14ನ್ನು 20 ಡಿಗ್ರಿಯ ಟ್ಯಾನ್‌ನಿಂದ, ಅಂದರೆ 0.364ರಿಂದ ಗುಣಿಸಿದರೆ 5.1 ಮಿ.ಮೀ. ಅಷ್ಟು ದೂರ ಶಾಫ್ಟ್‌ನ ರೇಖೆ ಗುರುತ್ವ ಕೇಂದ್ರವನ್ನು ತಪ್ಪಿಸಿ ಹೋಗುತ್ತದೆ. ಶಾಫ್ಟನ್ನು ಬೆರಳ ಮೇಲೆ ಅಡ್ಡಲಾಗಿ ತೂಗಿದರೆ ಫೇಸ್ ಆಕಾಶ ನೋಡುವ ಬದಲು ಹೀಲ್ ಸುಮಾರು 9 ಡಿಗ್ರಿ ಕೆಳಕ್ಕೆ ಜೋತುಬೀಳುತ್ತದೆ. ಆಡುವಾಗ ಫೇಸ್ ತಂತಾನೇ ತಿರುಗಲು ನೋಡುತ್ತದೆ, ಕೈ ಅದನ್ನು ತಡೆಯುತ್ತಲೇ ಇರಬೇಕು. ಪರಿಹಾರ ಸುಲಭ: ತೂತಿನ ಬಾಯನ್ನು ಮಧ್ಯದಿಂದ 5 ಮಿ.ಮೀ. ಹೀಲ್ ಕಡೆಗೆ ಇಡಿ. ಕಣ್ಣಿಗೆ ವಕ್ರವಾಗಿ ಕಂಡರೂ ತೂಗಿದಾಗ ಸಮವಾಗಿ ನಿಲ್ಲುತ್ತದೆ. ಎತ್ತರ ಅಥವಾ ಗುಂಡಿನ ತೂಕ ಬದಲಾದರೆ ಈ 5 ಮಿ.ಮೀ. ಕೂಡ ಬದಲಾಗುತ್ತದೆ, ಮತ್ತೆ ಲೆಕ್ಕ ಹಾಕಿ.

ಇನ್ನು ಕೊರೆಯುವ ಕ್ರಮ. 'ಯು' ಆಕಾರ ಕಡೆದ ಮೇಲೆ ವೈಸ್‌ನಲ್ಲಿ ಗಟ್ಟಿಯಾಗಿ ಹಿಡಿಯಲು ಜಾಗವೇ ಉಳಿಯುವುದಿಲ್ಲ. ಬಿಗಿದರೆ ರೆಕ್ಕೆಗಳು ಒಳಕ್ಕೆ ಬಾಗುತ್ತವೆ. ಹಾಗಾಗಿ ತುಂಡು ಇನ್ನೂ ಚೌಕವಾಗಿರುವಾಗಲೇ ಶಾಫ್ಟ್ ತೂತು ಮೊದಲು ಆಗಬೇಕು. 100 ಮಿ.ಮೀ. ಸೈನ್ ಬಾರ್‌ನ (ಕೋನ ಹೊಂದಿಸುವ ಪಟ್ಟಿ) ಒಂದು ತುದಿಯ ಕೆಳಗೆ 34.2 ಮಿ.ಮೀ. ಎತ್ತರ ಕೊಟ್ಟರೆ 20 ಡಿಗ್ರಿ ಸಿಗುತ್ತದೆ. ಓರೆ ಮೇಲ್ಮೈಗೆ ನೇರ ಡ್ರಿಲ್ ಇಳಿಸಿದರೆ ಅದು ಇಳಿಜಾರಿನ ಕಡೆ ಜಾರುತ್ತದೆ. ಆದ್ದರಿಂದ ಮೊದಲು 10 ಮಿ.ಮೀ. ಎಂಡ್ ಮಿಲ್‌ನಿಂದ ಒಂದು ಸಣ್ಣ ಸಮತಟ್ಟು ಮಾಡಿ, ಸೆಂಟರ್ ಡ್ರಿಲ್ ಹಾಕಿ, 9.2 ಡ್ರಿಲ್ ಇಳಿಸಿ, ಕೊನೆಗೆ ತೂತನ್ನು ಪಕ್ಕಾ ಅಳತೆಗೆ ತರುವ 9.5 ರೀಮರ್. ಪಟರ್ ಶಾಫ್ಟ್‌ನ ತುದಿ ಸಾಮಾನ್ಯವಾಗಿ 9.4 ಮಿ.ಮೀ.; ಉಳಿದ ಜಾಗ ಅಂಟಿಗೆ ಸಾಕು. 20 ಮಿ.ಮೀ. ಆಳ ಕೊಟ್ಟರೆ ತಳದಲ್ಲಿ 6 ಮಿ.ಮೀ. ಉಳಿಯುತ್ತದೆ. ತೂತು ಮುಗಿದ ಮೇಲೆ ಅದೇ ತಳವನ್ನು ರೆಫರೆನ್ಸ್ ಮಾಡಿಕೊಂಡು ಆಕಾರ, ಕಡೆಗೆ ಫೇಸ್‌ನ ಲಾಫ್ಟ್.

ಒಂದು ಡಿಗ್ರಿ ತಪ್ಪಿದರೆ ಏನು ಮಹಾ ಎನ್ನಬೇಡಿ. 35 ಇಂಚು ಎಂದರೆ 889 ಮಿ.ಮೀ.; ಅಷ್ಟು ದೂರದಲ್ಲಿ ಒಂದು ಡಿಗ್ರಿ ಎಂದರೆ ಗ್ರಿಪ್‌ನ ತುದಿ 15 ಮಿ.ಮೀ.ಗಿಂತ ಹೆಚ್ಚು ಸರಿಯುತ್ತದೆ. ಅದೇ ತಪ್ಪು ಹಿಂದೆಮುಂದೆ ದಿಕ್ಕಿನಲ್ಲಾದರೆ ಲಾಫ್ಟ್‌ನಲ್ಲೇ ಮೂರರಲ್ಲೊಂದು ಪಾಲು ಏರುಪೇರು. ಬೆಂಚ್ ಡ್ರಿಲ್‌ನಲ್ಲಿ ಕಣ್ಣಳತೆಗೆ ಕೊರೆದುಕೊಡುತ್ತೇನೆ ಎನ್ನುವವರ ಕೈಗೆ ಕೊಡಬಾರದು ಎನ್ನುವುದು ಇದಕ್ಕೇ.

ಪ್ಲೇಟ್ ಜೋಡಣೆಯಲ್ಲಿ ಈ ತೂತು ಇನ್ನೂ ಕಷ್ಟ. ಪ್ರತಿ ಕೂಡಿನಲ್ಲೂ ಡ್ರಿಲ್ ಕಚ್ಚಿ ಎಳೆಯುತ್ತದೆ, ಒಳಗೆ ಬರ್ (ಚೂಪು ಅಂಚು) ಎದ್ದು ಪ್ಲೇಟ್‌ಗಳು ಅಗಲುತ್ತವೆ. ಪ್ರತಿ ಪ್ಲೇಟ್‌ನ ತೂತನ್ನು 1.8 ಮಿ.ಮೀ. ಸರಿಸಿ ಲೇಸರ್‌ನಲ್ಲೇ ಕತ್ತರಿಸಿದರೂ ಒಳಗೆ ಮೆಟ್ಟಿಲು ಉಳಿಯುತ್ತದೆ. ಅದಕ್ಕೆ ಇರುವ ದಾರಿ ತುದಿಯ ಬಳಿ ಎರಡು ಕಡೆ ಬಾಗಿದ ಡಬಲ್ ಬೆಂಡ್ ಶಾಫ್ಟ್: ತೂತು ನೆಟ್ಟಗೆ ಕೊರೆದರೆ ಸಾಕು, ವಾಲಿಕೆ ಶಾಫ್ಟ್‌ನ ಬಾಗಿನಲ್ಲೇ ಇರುತ್ತದೆ. ತಳದಿಂದ 127 ಮಿ.ಮೀ. ಒಳಗೆ ಬಾಗು ಮುಗಿದರೆ ನಿಯಮಕ್ಕೂ ತೊಂದರೆ ಇಲ್ಲ. ಅಂಥ ಶಾಫ್ಟ್ ಇರುವ ಹಳೆಯ ಮ್ಯಾಲೆಟ್ (ಹಿಂದಕ್ಕೆ ಅಗಲವಾದ ಹೆಡ್‌ನ) ಪಟರ್ ಸಿಕ್ಕರೆ ಹೆಡ್ ಬಿಸಿ ಮಾಡಿ ಶಾಫ್ಟ್ ತಿರುಚಿ ಎಳೆದುಕೊಳ್ಳಬಹುದು. ಆದರೆ ಅಂಟು ಒಣಗುವವರೆಗೆ ಆ ಶಾಫ್ಟ್ ತುಸು ತಿರುಗಿದರೂ ಲೈ, ಆಫ್‌ಸೆಟ್ (ಶಾಫ್ಟ್‌ಗಿಂತ ಫೇಸ್ ಹಿಂದಿರುವ ದೂರ) ಎರಡೂ ಕೆಡುತ್ತವೆ. ನೇರ ಶಾಫ್ಟ್‌ಗೆ ಆ ಭಯವಿಲ್ಲ.

ಮಧ್ಯದಲ್ಲಿ ಶಾಫ್ಟ್ ಇರುವ ಅಲ್ಯೂಮಿನಿಯಂ ಹೆಡ್ ಹೊಸದೇನಲ್ಲ. ಅಮೆರಿಕದ ಆಟಗಾರ ವಾಲ್ಟರ್ ಟ್ರಾವಿಸ್ 1904ರ ಬ್ರಿಟಿಷ್ ಅಮೆಚೂರ್ ಟೂರ್ನಿ ಗೆದ್ದಿದ್ದು ಅಂಥದ್ದೇ ಸ್ಕೆನೆಕ್ಟಡಿ ಪಟರ್ ಹಿಡಿದು. ಅಂಥ ಪಟರ್‌ಗಳನ್ನು 1910ರಲ್ಲಿ ಆರ್ ಅಂಡ್ ಎ ನಿಷೇಧಿಸಿತು, ನಿಷೇಧ ತೆರವಾಗಲು 1951ರವರೆಗೆ ಕಾಯಬೇಕಾಯಿತು. ಈಗ ಅಡ್ಡಿ ಇಲ್ಲ.

ನಾನು ಪಟರನ್ನು ನೇರ ಹಿಂದಕ್ಕೆ ಎಳೆದು ನೇರ ಮುಂದಕ್ಕೆ ಬಿಡುವವನು, ಆದ್ದರಿಂದ ಫೇಸ್ ಸಮತೂಕದ ಅಲ್ಯೂಮಿನಿಯಂ ಹೆಡ್ ನನ್ನ ಕೈಗೆ ಹೊಂದುತ್ತದೆ. ಪಟರ್ ಕಮಾನಿನಂತೆ ಬೀಸುವವರಿಗೆ ಟೋ ಸ್ವಲ್ಪ ಜೋತುಬೀಳುವುದೇ ಒಳ್ಳೆಯದು, ಅವರು ಹಿತ್ತಾಳೆಯಲ್ಲಿ ರೆಕ್ಕೆ ಮೊಟಕು ಮಾಡಿ ಶಾಫ್ಟನ್ನು ಹೀಲ್ ಕಡೆ ಇಡುವುದು ಮೇಲು. ಆಕಾರ ಕಣ್ಣಿಗೆ ಹಿಡಿಸುತ್ತದೆಯೇ ಎಂದು ನೋಡಲಷ್ಟೇ ಆದರೆ ಪ್ಲೇಟ್ ಸಾಕು. ಬಜೆಟ್ ಬಿಗಿ ಇರುವವರು ಒಂದೇ ಸೆಟ್ಟಿಂಗ್‌ನಲ್ಲಿ ಸ್ನೇಹಿತರದ್ದೂ ಸೇರಿಸಿ ಎರಡು ಮೂರು ಅಲ್ಯೂಮಿನಿಯಂ ಹೆಡ್ ಹಾಕಿಸಿ. ಒಂಟಿ ಪೀಸ್‌ನಲ್ಲಿ ಲೋಹಕ್ಕಿಂತ ಮೆಷಿನ್ ಸೆಟ್ಟಿಂಗ್‌ಗೆ ಬೀಳುವ ದುಡ್ಡೇ ಹೆಚ್ಚು.

ಆನೋಡೈಸಿಂಗ್ (ಅಲ್ಯೂಮಿನಿಯಂ ಮೇಲೆ ಗಟ್ಟಿ ಆಕ್ಸೈಡ್ ಪದರ ಏರಿಸುವುದು) ಮಾಡಿಸುವುದಿದ್ದರೆ ಸ್ಟೀಲ್ ಗುಂಡು ಕೂರಿಸುವ ಮುಂಚೆಯೇ ಆಗಬೇಕು, ಆ ಆಸಿಡ್ ತೊಟ್ಟಿಗೆ ಸ್ಟೀಲ್ ಇಳಿಯಬಾರದು. ಶಾಫ್ಟ್ ತೂತಿಗೆ ರಬ್ಬರ್ ಬಿರಡೆ ಹಾಕಿ ಕಳಿಸಿ, ಇಲ್ಲದಿದ್ದರೆ ಲೇಪನ ಕೂತು ತೂತು ಬಿಗಿಯಾಗುತ್ತದೆ. ಗುಂಡನ್ನು ತೆಳುವಾಗಿ ಅರಾಲ್ಡೈಟ್ ಸವರಿ ಕೂರಿಸಿ, ಕೆಳಗಿನಿಂದ ಎಂ5 ಬೋಲ್ಟ್ ಹಾಕಿ. ಅಂಟಿನ ಪದರ ಸ್ಟೀಲ್ ಮತ್ತು ಅಲ್ಯೂಮಿನಿಯಂ ನಡುವೆ ನೀರು ಹೋಗದಂತೆ ತಡೆಯುವುದರಿಂದ ತುಕ್ಕು ಏಳುವುದು ಕಡಿಮೆ, ರೆಕ್ಕೆಯ ಸದ್ದೂ ಅಡಗುತ್ತದೆ. ಶಾಫ್ಟ್ ತುದಿಯ 20 ಮಿ.ಮೀ. ಕ್ರೋಮನ್ನು ಎಮರಿ ಕಾಗದದಿಂದ ಪೂರ್ತಿ ಕೆರೆದು, ಅಸಿಟೋನ್‌ನಲ್ಲಿ ಒರೆಸಿ, ನಿಧಾನವಾಗಿ ಒಣಗುವ ಅರಾಲ್ಡೈಟನ್ನೇ ಹಾಕಿ. ಐದು ನಿಮಿಷದ್ದು ಬೇಸಿಗೆಯ ಬಿಸಿಲಲ್ಲಿ ಕಾರಿನ ಡಿಕ್ಕಿಯೊಳಗೆ ಬಿಟ್ಟರೆ ಸಡಿಲವಾಗುತ್ತದೆ.