ಟೆಂಡನ್ ಬೂಟು, ಎರಡು ಮಳೆಗಾಲದ ನಂತರ: ಚಿಪ್ಪು ಉಳಿಯಿತು, ವೆಲ್ಕ್ರೋ ಸೋತಿತು

ಕುದುರೆಯ ಮುಂಗಾಲಿನ ಹಿಂಬದಿಯ ರಜ್ಜುವಿಗೆ (ಟೆಂಡನ್) ಏಟು ಬೀಳದಂತೆ ಕಟ್ಟುವ ಕವಚವೇ ಟೆಂಡನ್ ಬೂಟು. ಅದನ್ನು ಕೊಳ್ಳುವಾಗ ಎಲ್ಲರೂ ಹೊರಗಿನ ಗಟ್ಟಿ ಚಿಪ್ಪನ್ನು ಒತ್ತಿ ನೋಡುತ್ತಾರೆ. ಪಟ್ಟಿಯನ್ನು ಎಳೆದು ನೋಡುವವರು ಕಡಿಮೆ. ವಾರಕ್ಕೆ ಐದು ದಿನದಂತೆ ಎರಡು ಮಳೆಗಾಲ ಕಂಡ ಈ ಜೋಡಿಯ ಪಿಯು (ಪಾಲಿಯುರೆಥೇನ್ ಪ್ಲಾಸ್ಟಿಕ್) ಚಿಪ್ಪಿನ ಮೇಲೆ ಗೀರುಗಳು ತುಂಬಿವೆ, ಬಿರುಕು ಒಂದೂ ಇಲ್ಲ. ಒಳಗಿನ ನಿಯೋಪ್ರೀನ್ (ಮೆತ್ತನೆಯ ರಬ್ಬರ್ ಅಸ್ತರು) ಮೇಲಂಚಿನಲ್ಲಿ ಸ್ವಲ್ಪ ಸವೆದಿದೆ. ವೆಲ್ಕ್ರೋ ಮಾತ್ರ ಎಂಟನೇ ತಿಂಗಳಿಗೇ ಕೈಕೊಟ್ಟಿತು.

ಇದು ದೇಶೀ ತಯಾರಿಕೆಯ, ಮುಂಭಾಗ ತೆರೆದಿರುವ, ಎರಡು ಪಟ್ಟಿಯ ಬೂಟು. ಬಳಕೆ ಬೆಂಗಳೂರಿನ ಹೊರವಲಯದಲ್ಲಿ: ಮರಳಿನ ಅಂಕಣದಲ್ಲಿ ನೆಗೆತದ ಅಭ್ಯಾಸ, ಕೆಂಪುಮಣ್ಣಿನ ದಾರಿಯಲ್ಲಿ ಸವಾರಿ. ಕುದುರೆ, ರೇಸಿನಿಂದ ನಿವೃತ್ತವಾದ ಥರೋಬ್ರೆಡ್.

ಮೊಣಕಾಲಿನಿಂದ ಕೆಳಗೆ ಕುದುರೆಗೆ ಮಾಂಸಖಂಡವೇ ಇಲ್ಲ. ಎಲುಬು, ಅದರ ಹಿಂದೆ ಇಳಿಯುವ ರಜ್ಜುಗಳು, ಮೇಲೊಂದು ತೆಳು ಚರ್ಮ, ಅಷ್ಟೆ. ನೆಗೆದು ಇಳಿಯುವಾಗ ಹಿಂಗಾಲಿನ ಲಾಳ ಮುಂಗಾಲಿನ ಹಿಂಬದಿಗೆ ಬಡಿದರೆ ಏಟು ನೇರ ರಜ್ಜುವಿಗೇ ಬೀಳುತ್ತದೆ. ಆ ಏಟನ್ನು ಚಿಪ್ಪಿನ ಅಗಲಕ್ಕೆ ಹಂಚುವುದು ಬೂಟಿನ ಕೆಲಸ. ಕಾಲಿಗೆ ಸಪೋರ್ಟ್ ಕೊಡುತ್ತದೆ ಎಂಬ ಮಾತು ನಂಬಿ ಕೊಳ್ಳಬೇಡಿ. ಅರ್ಧ ಟನ್ ತೂಗುವ ಪ್ರಾಣಿ ನೆಲಕ್ಕಿಳಿದಾಗ ಗೆಣ್ಣು (ಗೊರಸಿನ ಮೇಲಿನ ಕೀಲು) ಬಾಗುವುದನ್ನು ಎರಡು ಎಲಾಸ್ಟಿಕ್ ಪಟ್ಟಿಗಳು ತಡೆಯಲಾರವು.

ಈಗ ವೆಲ್ಕ್ರೋ ವಿಚಾರ. ಕೊಕ್ಕೆ ಇರುವ ಕಡೆಯನ್ನು ಬೆಳಕಿಗೆ ಹಿಡಿದು ನೋಡಿ. ಸಾಲುಸಾಲು ಕೊಕ್ಕೆಗಳ ಬುಡದಲ್ಲಿ ಕೆಂಪು ಧೂಳು ಗಟ್ಟಿಯಾಗಿ ಕೂತಿರುತ್ತದೆ, ಅದರ ನಡುವೆ ಬಾಲದ ಕೂದಲು ಸುತ್ತಿಕೊಂಡಿರುತ್ತದೆ, ಮಳೆಗಾಲ ಮುಗಿಯುವ ಹೊತ್ತಿಗೆ ಉತ್ತರಾಣಿ ಬೀಜವೂ ಸೇರುತ್ತದೆ. ಎದುರಿನ ಮೆದು ಕಡೆಯಲ್ಲಿ ನೂಲಿನ ಕುಣಿಕೆಗಳು ದಿನಾ ಕಿತ್ತೂ ಕಿತ್ತೂ ಹರಿದು ಚಪ್ಪಟೆಯಾಗಿರುತ್ತವೆ. ಈ ಬೂಟಿನ ಪಟ್ಟಿ ಬರೀ 2.5 ಸೆಂ.ಮೀ. ಅಗಲ. ಅರ್ಧ ಹಿಡಿತ ಹೋದರೆ ಉಳಿಯುವುದು ಒಂದು ಬೆರಳಷ್ಟು ಜಾಗ. ಟ್ರಾಟ್‌ನಲ್ಲಿ, ಅಂದರೆ ಜಗ್ಗು ಓಟದಲ್ಲಿ, ಏನೂ ಗೊತ್ತಾಗುವುದಿಲ್ಲ. ನೀರು ದಾಟಿ ಅದಕ್ಕಿಂತ ವೇಗದ ಕ್ಯಾಂಟರ್ ಓಟಕ್ಕೆ ಹೋದಾಗ ಕೆಳಗಿನ ಪಟ್ಟಿ ಬಿಟ್ಟುಕೊಳ್ಳುತ್ತದೆ, ಬೂಟು ಗೆಣ್ಣಿನ ಮೇಲೆ ತಿರುಗಿ ಕೂರುತ್ತದೆ, ಒಳಗೆ ಮರಳು ಸೇರಿ ಚರ್ಮ ಉಜ್ಜುತ್ತದೆ. ಹೀಗೆ ಜಾರುವ ಬೂಟಿಗಿಂತ ಬರಿಗಾಲೇ ವಾಸಿ.

ಇನ್ನೂ ಬೇಸರದ ಸಂಗತಿ ಇದರ ಮುಂದಿನದು. ವೆಲ್ಕ್ರೋ ಹಿಡಿಯದಿದ್ದರೆ ಕೈ ತಾನಾಗಿ ಪಟ್ಟಿಯನ್ನು ಇನ್ನಷ್ಟು ಎಳೆಯುತ್ತದೆ. ಎಲಾಸ್ಟಿಕ್ ಪೂರ್ತಿ ಹಿಗ್ಗಿದಾಗ ಚಿಪ್ಪಿನ ಅಂಚು ರಜ್ಜುವಿನ ಮೇಲೆ ಒಂದೇ ಗೆರೆಯಲ್ಲಿ ಒತ್ತುತ್ತದೆ. ಬೂಟು ಬಿಚ್ಚಿದಾಗ ಕೂದಲಿನಲ್ಲಿ ಪಟ್ಟಿಯ ಅಚ್ಚು ಆಳವಾಗಿ ಕಂಡರೆ ಬಿಗಿ ಹೆಚ್ಚಾಗಿದೆ ಎಂದೇ ಅರ್ಥ. ಹಿಂಗಾಲಿನ ಬೂಟಿಗೂ ಇದೇ ಮಾತು. ಬಿಗಿದಷ್ಟೂ ಕುದುರೆ ಹಿಂಗಾಲನ್ನು ಅಸಹಜವಾಗಿ ಎತ್ತಿ ನೆಗೆಯುತ್ತದೆ ಎಂದು ಅದನ್ನು ದುರ್ಬಳಕೆ ಮಾಡುತ್ತಿದ್ದವರಿದ್ದರು. ಅದಕ್ಕೇ ಅಂತರರಾಷ್ಟ್ರೀಯ ಕುದುರೆ ಸವಾರಿ ಕ್ರೀಡಾ ಒಕ್ಕೂಟ ಎಫ್‌ಇಐ 2021ರಿಂದ ಎಲ್ಲ ಅಂತರರಾಷ್ಟ್ರೀಯ ನೆಗೆತದ ಸ್ಪರ್ಧೆಗಳಲ್ಲಿ ಹಿಂಗಾಲಿನ ಬೂಟಿನ ಒಳ ಉದ್ದ 16 ಸೆಂ.ಮೀ. ಮೀರಬಾರದೆಂದು ಮಾಡಿದೆ. ಒಂದು ಕಾಲಿನ ಮೇಲಿನ ಒಟ್ಟು ಸಲಕರಣೆಯ ತೂಕಕ್ಕೂ 500 ಗ್ರಾಂ ಮಿತಿ ಇದೆ. ಕುದುರೆಯ ನಡೆಯ ಶಿಸ್ತು ನೋಡುವ ಡ್ರೆಸ್ಸಾಜ್ ಸ್ಪರ್ಧೆಗೆ ಬೂಟೇ ನಿಷಿದ್ಧ.

ಕಟ್ಟುವ ಕ್ರಮ ಹೀಗೆ. ಮೊದಲು ಅಂಗೈಯಿಂದ ಕಾಲನ್ನು ಮೇಲಿನಿಂದ ಕೆಳಕ್ಕೆ ಸವರಿ. ಒಂದು ಮರಳು ಕಣವೂ ಉಳಿಯಬಾರದು. ಬೂಟನ್ನು ಬೇಕಾದ ಜಾಗಕ್ಕಿಂತ ಎರಡು ಬೆರಳು ಮೇಲೆ ಇಟ್ಟು ಕೆಳಕ್ಕೆ ಜಾರಿಸಿದರೆ ಕೂದಲು ಇಳಿಜಾರಿಗೆ ಸರಿಯಾಗಿ ಮಲಗುತ್ತದೆ. ಕೆಳಗಿನ ಬಟ್ಟಲಿನಂಥ ಭಾಗ ಗೆಣ್ಣನ್ನು ಒಳಮಗ್ಗುಲಿನಿಂದ ತಬ್ಬಿಕೊಂಡಿರಬೇಕು. ಪಟ್ಟಿಯ ತುದಿ ಕಾಲಿನ ಹೊರಮಗ್ಗುಲಲ್ಲಿ ಹಿಂದಕ್ಕೆ ಮುಖ ಮಾಡಿರಬೇಕು. ಒಳಗೆ ಬಂದರೆ ಎಡ ಬಲ ಅದಲುಬದಲಾಗಿದೆ. ಮೊದಲು ಮೇಲಿನ ಪಟ್ಟಿ, ಆಮೇಲೆ ಕೆಳಗಿನದು, ಎರಡಕ್ಕೂ ಒಂದೇ ಬಿಗಿ. ಮೇಲಂಚಿನಲ್ಲಿ ಒಂದು ಬೆರಳು ತೂರಬೇಕು, ಎರಡು ತೂರಬಾರದು. ಬಿಚ್ಚುವಾಗ ಕೆಳಗಿನದನ್ನೇ ಮೊದಲು ಬಿಚ್ಚಿ. ನಡುವೆ ಕುದುರೆ ಹೆಜ್ಜೆ ಹಾಕಿದರೂ ಬೂಟು ಗೊರಸಿನ ಮೇಲೆ ಬಿದ್ದು ತೊಡರುವುದಿಲ್ಲ.

ಸವಾರಿ ಮುಗಿದ ತಕ್ಷಣ ಬೂಟು ಬಿಚ್ಚಲೇಬೇಕು. ಮಾತಾಡುತ್ತಾ ನಿಲ್ಲುವ ಹತ್ತು ನಿಮಿಷವೂ ಬೇಡ. ನಾಗಾಲೋಟದಲ್ಲಿ ಈ ರಜ್ಜುವಿನ ಒಳಭಾಗ 45 ಡಿಗ್ರಿ ಸೆಲ್ಸಿಯಸ್ ಮುಟ್ಟುವುದನ್ನು ಅಳೆದಿದ್ದಾರೆ, ನಿಯೋಪ್ರೀನ್ ಆ ಕಾವನ್ನು ಹೊರಗೆ ಬಿಡುವುದಿಲ್ಲ. ಬಿಚ್ಚಿ, ಎರಡೂ ಕಾಲಿನ ರಜ್ಜುವನ್ನು ಒಂದೊಂದು ಕೈಯಲ್ಲಿ ಹಿಡಿದು ಹೋಲಿಸಿ. ಒಂದು ಕಾಲು ಇನ್ನೊಂದಕ್ಕಿಂತ ಬಿಸಿ ಎನಿಸಿದರೆ, ಅದರಲ್ಲೂ ಬೆಳಿಗ್ಗೆ ತಣ್ಣಗಾದ ಮೇಲೂ ಹಾಗೇ ಇದ್ದರೆ, ಅಂದು ಸವಾರಿ ಬೇಡ, ಪಶುವೈದ್ಯರಿಗೆ ತೋರಿಸಿ. ಬೂಟಿನ ಜೊತೆ ಬಂದ ಈ ಅಭ್ಯಾಸ ಬೂಟಿಗಿಂತ ಹೆಚ್ಚು ಬೆಲೆಬಾಳುತ್ತದೆ. ಆಮೇಲೆ ಹತ್ತು ನಿಮಿಷ ಪೈಪಿನ ನೀರು, ಗೆಣ್ಣಿನ ಹಿಂದಿನ ಮಡಿಕೆ ಒಣಗುವವರೆಗೆ ಒರೆಸುವುದು. ಅಲ್ಲಿ ತೇವ ನಿಂತರೆ ಮಳೆಗಾಲದಲ್ಲಿ ಹಕ್ಕಳೆಗಟ್ಟುತ್ತದೆ.

ಬೂಟಿಗೆ ಪಟ್ಟಿ ಮುಚ್ಚಿಯೇ ನೀರು ಹಾಕಿ, ತೆರೆದಿಟ್ಟರೆ ಕೆಸರೆಲ್ಲ ಕೊಕ್ಕೆಗೇ ಹೋಗುತ್ತದೆ. ನೆರಳಲ್ಲಿ ಒಣಗಿಸಿ, ಬಿಸಿಲಿಗೆ ನಿಯೋಪ್ರೀನ್ ಸೆಟೆಯುತ್ತದೆ. ವಾರಕ್ಕೊಮ್ಮೆ ಒಣಗಿದ ವೆಲ್ಕ್ರೋಗೆ ಹಳೇ ಹಲ್ಲುಜ್ಜುವ ಬ್ರಷ್, ಸುತ್ತಿದ ಕೂದಲಿಗೆ ದಪ್ಪ ಸೂಜಿ. ನಾಲ್ಕು ಬೂಟಿಗೆ ಕಾಲು ಗಂಟೆ ಸಾಕು. ಈ ಕೆಲಸ ಮೊದಲ ತಿಂಗಳಿನಿಂದಲೇ ನಡೆದಿದ್ದರೆ ಪಟ್ಟಿ ಇನ್ನಷ್ಟು ದಿನ ಬರುತ್ತಿತ್ತು, ಅದನ್ನು ಒಪ್ಪಬೇಕು.

ಹಾಗೆಂದು ಎಸೆಯುವ ಬೂಟು ಇದಲ್ಲ. ಹೊಲಿಗೆ ಸಾಮಾನಿನ ಅಂಗಡಿಯಲ್ಲಿ 5 ಸೆಂ.ಮೀ. ಅಗಲದ ವೆಲ್ಕ್ರೋ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಚಪ್ಪಲಿ ಹೊಲಿಯುವವರು ನೈಲಾನ್ ದಾರದಲ್ಲಿ ಚೌಕ ಹೊಲಿದು ನಡುವೆ ಅಡ್ಡಗೆರೆ ಹಾಕಿಕೊಡುತ್ತಾರೆ. ಒಂದೇ ಎಚ್ಚರ: ಸೂಜಿ ಒಳಗಿನ ನಿಯೋಪ್ರೀನಿಗೆ ಇಳಿಯಬಾರದು. ಅಸ್ತರಿನ ಒಂದು ಅಂಚು ಬಿಚ್ಚಿ, ವೆಲ್ಕ್ರೋ ಹೊಲಿದು, ಮತ್ತೆ ಮುಚ್ಚಿಸಿ. ದಾರದ ಗಂಟು ಚರ್ಮಕ್ಕೆ ತಾಗಿದರೆ ಆ ಜಾಗದಲ್ಲಿ ಕೂದಲು ಉದುರುತ್ತದೆ. ಹೀಗೆ ಹೊಲಿಸಿದ ಪಟ್ಟಿಗಳು ಎರಡನೇ ಮಳೆಗಾಲವಿಡೀ ಒಮ್ಮೆಯೂ ಬಿಟ್ಟುಕೊಂಡಿಲ್ಲ. ಹೊಸ ಜೋಡಿಯ ಬೆಲೆಯ ಮುಂದೆ ಈ ಖರ್ಚು ಏನೇನೂ ಅಲ್ಲ.

ಕೊಳ್ಳುವವರು ಟೇಪಿನಿಂದ ಎರಡು ಅಳತೆ ತೆಗೆದುಕೊಂಡು ಹೋಗಿ: ಮೊಣಕಾಲಿನ ಕೆಳಗಿನಿಂದ ಗೆಣ್ಣಿನವರೆಗಿನ ಉದ್ದ, ನಡುವಿನ ಸುತ್ತಳತೆ. ಥರೋಬ್ರೆಡ್‌ಗೆ ಫುಲ್ ಸೈಜ್ ಹೊಂದುತ್ತದೆ. ಮಾರ್ವಾಡಿ, ಕಾಠಿಯಾವಾಡಿ ಕುದುರೆಗಳ ಸಪೂರ ಕಾಲಿಗೆ ಫುಲ್‌ಗಿಂತ ಒಂದಳತೆ ಚಿಕ್ಕದಾದ ಕಾಬ್ ಸೈಜ್ ನೋಡಿ. ದೊಡ್ಡದು ಕಟ್ಟಿದರೆ ಪಟ್ಟಿಯ ತುದಿ ಮೆದು ಭಾಗವನ್ನು ದಾಟಿ ಹೊರಗೆ ನಿಲ್ಲುತ್ತದೆ, ಬರಿದಾದ ಕೊಕ್ಕೆಗೆ ದಾರಿಯ ಕಸವೆಲ್ಲ ಅಂಟುತ್ತದೆ. ಉಣ್ಣೆಯ ಅಸ್ತರಿನದು ಮೆತ್ತಗಿದ್ದರೂ ಹುಲ್ಲು, ಮುಳ್ಳು, ಬೀಜ ಎಲ್ಲವನ್ನೂ ಹಿಡಿದಿಡುತ್ತದೆ, ಹೊರಗಿನ ಸವಾರಿಗೆ ಬೇಡ. ಅಂಕಣದಲ್ಲಷ್ಟೇ ನೆಗೆಸುವವರಿಗೆ ಈ ಬೂಟನ್ನು ಧೈರ್ಯವಾಗಿ ಹೇಳುತ್ತೇನೆ. ಮಣ್ಣುದಾರಿಯಲ್ಲಿ ದಿನಾ ಹೋಗುವವರು ತಂದ ದಿನವೇ ಪಟ್ಟಿ ಬದಲಿಸಿ, ಇಲ್ಲವೇ ವೆಲ್ಕ್ರೋ ಬದಲು ಗುಂಡಿಗೆ ತೂತಿನ ಎಲಾಸ್ಟಿಕ್ ಸಿಕ್ಕಿಸುವಂಥ ಜೋಡಿ ಕೇಳಿ. ಅದಕ್ಕೆ ಧೂಳು ಲೆಕ್ಕಕ್ಕಿಲ್ಲ. ಆದರೆ ಎಲಾಸ್ಟಿಕ್ ಸಡಿಲಾದಾಗ ಮುಂದಿನ ತೂತಿಗೆ ಹಾಕಿದರೆ ಬಿಗಿ ಒಮ್ಮೆಲೇ ಏರುತ್ತದೆ, ಬೆರಳು ತೂರಿಸಿ ನೋಡುವುದನ್ನು ಅಲ್ಲಿಯೂ ಬಿಡುವಂತಿಲ್ಲ.