ಬಿಗ್ ಸಿಕ್ಸ್ ವಿಮರ್ಶೆ: ಪ್ರಶ್ನೆ ಕಟ್ಟಲು ಸೈ, ವೆಬ್‌ಸೈಟ್ ಅಳೆಯಲು ಸಾಲದು

ಲೈಬ್ರರಿ ಪೀರಿಯಡ್ಡನ್ನು ಪುಸ್ತಕ ಬದಲಾಯಿಸುವುದಕ್ಕಷ್ಟೇ ಬಳಸದೆ ಮಾಹಿತಿ ಹುಡುಕುವುದನ್ನೂ ಕಲಿಸೋಣ ಎಂದು ಹೊರಟವರಿಗೆ ಸಿದ್ಧವಾಗಿ ಸಿಗುವ ಚೌಕಟ್ಟು ಬಿಗ್ ಸಿಕ್ಸ್. ಮೈಕ್ ಐಸೆನ್‌ಬರ್ಗ್ ಮತ್ತು ಬಾಬ್ ಬರ್ಕೊವಿಟ್ಜ್ 1990ರಲ್ಲಿ ಪ್ರಕಟಿಸಿದ ವಿಧಾನ ಇದು. ಕೆಲಸ ಏನೆಂದು ಗೊತ್ತುಮಾಡಿಕೊಳ್ಳುವುದು, ಮಾಹಿತಿ ಎಲ್ಲೆಲ್ಲಿ ಸಿಕ್ಕೀತೆಂದು ಯೋಚಿಸುವುದು, ಹುಡುಕಿ ತೆಗೆಯುವುದು, ಓದಿ ಬೇಕಾದ್ದನ್ನು ಆರಿಸುವುದು, ಜೋಡಿಸಿ ಒಪ್ಪಿಸುವುದು, ಕೊನೆಗೆ ಮಾಡಿದ್ದನ್ನು ತೂಗಿ ನೋಡುವುದು, ಹೀಗೆ ಆರು ಹಂತ. ಪುಟ್ಟ ಮಕ್ಕಳಿಗೆ ಇದನ್ನೇ ಮೂರಕ್ಕೆ ಇಳಿಸಿದ ಸೂಪರ್ ತ್ರೀ ಇದೆ.

ಇದರ ನಿಜವಾದ ಬೆಲೆ ಇರುವುದು ಮೊದಲ ಹಂತದಲ್ಲಿ. ‘ಭೂಕಂಪದ ಬಗ್ಗೆ ಪ್ರಾಜೆಕ್ಟ್ ಮಾಡಿ’ ಎಂದರೆ ಮಕ್ಕಳು ಮೊದಲು ಸಿಕ್ಕ ಪುಟವನ್ನು ನಕಲು ಮಾಡಿ ತರುತ್ತಾರೆ. ಅದು ಮಕ್ಕಳ ತಪ್ಪಲ್ಲ, ಪ್ರಶ್ನೆಯ ತಪ್ಪು. ಅದನ್ನೇ ‘ಒಂದೇ ಪ್ರಮಾಣದ ಭೂಕಂಪ ಒಂದು ಊರಲ್ಲಿ ಮನೆ ಕೆಡವಿ, ಇನ್ನೊಂದರಲ್ಲಿ ಗೋಡೆ ಬಿರುಕು ಬಿಡಿಸಿ ಸುಮ್ಮನಾಗುವುದೇಕೆ?’ ಎಂದು ತಿದ್ದಿದರೆ ಕೇಂದ್ರದ ಆಳ, ನೆಲದ ಮಣ್ಣು, ಕಟ್ಟಡದ ರಚನೆ ಎಂಬ ಮೂರು ಉಪಪ್ರಶ್ನೆಗಳು ತಾವಾಗಿ ಹುಟ್ಟುತ್ತವೆ. ಒಂದೇ ಪುಟದಿಂದ ಎತ್ತಿ ಮುಗಿಸಲು ಆಗುವುದಿಲ್ಲ. ಇದಕ್ಕೆ ಪೂರ್ತಿ 40 ನಿಮಿಷದ ಒಂದು ಪೀರಿಯಡ್ ಬೇಕು. ಹತ್ತು ನಿಮಿಷದಲ್ಲಿ ಮುಗಿಸಿದರೆ ಉಳಿಸಿದ ಸಮಯ ಐದನೇ ಹಂತದಲ್ಲಿ ಬಡ್ಡಿಸಮೇತ ಹೋಗುತ್ತದೆ.

ಹುಡುಕುವ ಹಂತಕ್ಕೂ ಇದೇ ಪ್ರಶ್ನೆ ಒದಗುತ್ತದೆ. ಪುಸ್ತಕಗಳಿಗೆ ವಿಷಯವಾರು ಸಂಖ್ಯೆ ಕೊಡುವ ಡ್ಯೂಯಿ ವರ್ಗೀಕರಣದಲ್ಲಿ ಭೂಕಂಪ 551.22, ಅದನ್ನು ತಾಳುವ ಕಟ್ಟಡಗಳ ವಿಷಯ 624ರ ಸಿವಿಲ್ ಎಂಜಿನಿಯರಿಂಗ್ ಕಡೆ. ಒಂದೇ ಕಪಾಟು ಸಾಲದು ಎಂಬುದು ಮಕ್ಕಳಿಗೆ ನಡೆದಾಡಿಯೇ ತಿಳಿಯುತ್ತದೆ. ಪುಸ್ತಕ ಕೈಗೆ ಬಂದ ಮೇಲೆ ಮೊದಲ ಪುಟದಿಂದ ಮಗುಚುತ್ತಾ ಕೂರದೆ ಹಿಂದಿನ ಪದಸೂಚಿ ನೋಡಲು ಬೇರೆಯಾಗಿಯೇ ಹೇಳಿಕೊಡಬೇಕು.

ಟಿಪ್ಪಣಿಗೆ ಎ4 ಹಾಳೆಯನ್ನು ನಾಲ್ಕು ಮಾಡಿ ಚೀಟಿ ಕೊಡಿ. ಒಂದು ಚೀಟಿಗೆ ಒಂದೇ ಅಂಶ; ಮೇಲಿನ ಮೂಲೆಯಲ್ಲಿ ಉಪಪ್ರಶ್ನೆಯ ಸಂಖ್ಯೆ, ಕೆಳಗೆ ಆಕರ ಮತ್ತು ಪುಟ. ಪ್ಯಾರಾ ಓದಿ, ಪುಸ್ತಕ ಮುಚ್ಚಿ, ಬರೆದು, ಆಮೇಲೆ ಹೆಸರು ಮತ್ತು ಅಂಕಿಗಳನ್ನಷ್ಟೇ ತೆರೆದು ಸರಿನೋಡುವುದು. ಪುಸ್ತಕ ತೆರೆದಿಟ್ಟು ಬರೆಯಲು ಬಿಟ್ಟರೆ ವಾಕ್ಯಗಳು ಇದ್ದ ಹಾಗೇ ಇಳಿಯುತ್ತವೆ. ಚೀಟಿಗಳನ್ನು ಮೇಜಿನ ಮೇಲೆ ಹರಡಿದಾಗ ‘ಮಣ್ಣು’ ಸಾಲಿನಲ್ಲಿ ಎರಡೇ ಇದ್ದರೆ ಮತ್ತೆ ಮೂರನೇ ಹಂತಕ್ಕೆ. ಆರು ಹಂತಗಳನ್ನು ತೋರಿಸುವ ಗೋಡೆಯ ಪೋಸ್ಟರುಗಳಲ್ಲಿ ಬಾಣಗಳೆಲ್ಲ ಕೆಳಮುಖವಾಗಿಯೇ ಇರುವುದರಿಂದ ಹಿಂದಕ್ಕೆ ಹೋಗುವುದು ಸೋಲೆಂದು ಮಕ್ಕಳು ತಿಳಿಯುತ್ತಾರೆ. ಪೋಸ್ಟರ್ ತೆಗೆದರೂ ನಷ್ಟವಿಲ್ಲ.

ಬಿಗ್ ಸಿಕ್ಸ್ ಸೋಲುವುದು ವೆಬ್‌ಸೈಟುಗಳ ವಿಷಯದಲ್ಲಿ. ಒಳ್ಳೆಯ ಆಕರ ಆರಿಸಿ ಎನ್ನುತ್ತದೆ, ಆರಿಸುವುದು ಹೇಗೆ ಎಂಬಲ್ಲಿ ತೆಳು. ಆ ಜಾಗಕ್ಕೆ ಹಲವರು ಕ್ರ್ಯಾಪ್ ಪರೀಕ್ಷೆ ತಂದು ಅಂಟಿಸುತ್ತಾರೆ: ಹೊಸತೇ, ಸಂಬಂಧಪಟ್ಟದ್ದೇ, ಬರೆದವರಾರು, ನಿಖರವೇ, ಉದ್ದೇಶವೇನು ಎಂಬ ಪಟ್ಟಿ. ತೊಂದರೆ ಏನೆಂದರೆ ಮಕ್ಕಳು ಉತ್ತರವನ್ನು ಅದೇ ಪುಟದೊಳಗೆ ಹುಡುಕುತ್ತಾರೆ. ಮರವಾಸಿ ಆಕ್ಟೋಪಸ್ ಎಂಬ ಇಲ್ಲದ ಪ್ರಾಣಿಯ ಬಗ್ಗೆ 1998ರಲ್ಲಿ ತಮಾಷೆಗೆ ಕಟ್ಟಿದ ಸೈಟು ಚಿತ್ರ, ಕೊಂಡಿ, ಸಂರಕ್ಷಣೆಯ ಮನವಿ ಎಲ್ಲವನ್ನೂ ಹೊತ್ತು ನಿಂತಿದೆ. ಪಟ್ಟಿಯಲ್ಲಿ ಟಿಕ್ ಗಿಟ್ಟಿಸಲು ಅದಕ್ಕೆ ಕಷ್ಟವೇನಿಲ್ಲ.

ಇಲ್ಲಿ ವೆಬ್ ಮಾಹಿತಿ ಪರೀಕ್ಷಿಸಲು ಮೈಕ್ ಕಾಲ್‌ಫೀಲ್ಡ್ ರೂಪಿಸಿದ ಸಿಫ್ಟ್ ವಿಧಾನ ಸೇರಿಸುವುದು ಮೇಲು: ತಡೆದು ನಿಲ್ಲು, ಹೇಳಿದವರಾರೆಂದು ವಿಚಾರಿಸು, ಇನ್ನೂ ಒಳ್ಳೆಯ ವರದಿ ಹುಡುಕು, ಮಾತಿನ ಮೂಲಕ್ಕೆ ಹೋಗು. ಕಲಿಸುವಾಗ ಒಂದೇ ನಿಯಮ ಸಾಕು: ಸೈಟಿನ ‘ನಮ್ಮ ಬಗ್ಗೆ’ ಪುಟ ತೆರೆಯಬೇಡಿ, ಹೊಸ ಟ್ಯಾಬ್ ತೆರೆದು ಆ ಸಂಸ್ಥೆಯ ಬಗ್ಗೆ ಬೇರೆಯವರು ಏನೆನ್ನುತ್ತಾರೆ ನೋಡಿ. ಒಂದು ಸೈಟಿಗೆ ಮೂರು ನಿಮಿಷ. ವೃತ್ತಿಪರ ಸತ್ಯಶೋಧಕರು ಮಾಡುವುದೂ ಇದನ್ನೇ.

ತೂಗಿ ನೋಡುವ ಆರನೇ ಹಂತವನ್ನು ಪ್ರಾಜೆಕ್ಟ್ ಒಪ್ಪಿಸಿದ ಮೇಲೆ ಇಟ್ಟರೆ ಯಾರಿಗೂ ಬೇಡ. ಒಪ್ಪಿಸುವ ಮುನ್ನ ಹತ್ತು ನಿಮಿಷ ಕೊಟ್ಟರೆ ತಿದ್ದಿಕೊಳ್ಳಲು ಒದಗುತ್ತದೆ.

ಒಟ್ಟು ಎಂಟು ಪೀರಿಯಡ್ ಮತ್ತು ಜೊತೆಗೆ ನಿಲ್ಲುವ ವಿಷಯ ಶಿಕ್ಷಕರು ಇದ್ದರೆ ಬಿಗ್ ಸಿಕ್ಸನ್ನು ಧಾರಾಳವಾಗಿ ತೆಗೆದುಕೊಳ್ಳಿ. 20 ಅಂಕದ ಪ್ರಾಜೆಕ್ಟಿನಲ್ಲಿ ಕನಿಷ್ಠ 8 ಅಂಕ ಪ್ರಶ್ನೆಗೆ ಮತ್ತು ಚೀಟಿಗಳಿಗೆ ಹೋಗಲಿ. ಪಾಠಕ್ಕೆ ಸಂಬಂಧವಿಲ್ಲದೆ ಗ್ರಂಥಪಾಲಕರೊಬ್ಬರೇ ಬಿಡಿಬಿಡಿಯಾಗಿ ನಡೆಸುವುದಾದರೆ ಆರು ಹಂತ ಬೇಡ, ಪ್ರಶ್ನೆ ಕಟ್ಟುವುದು ಮತ್ತು ಹೊಸ ಟ್ಯಾಬ್ ತೆರೆಯುವುದು ಎರಡನ್ನೇ ಕಲಿಸಿ.