ಕೇಪಿನ ಕೋವಿಗೆ ಸೀಮೆಎಣ್ಣೆಯೋ, ಹಂಡೆಯ ಬಿಸಿನೀರೋ?

ಕೋವಿಗೆ ನೀರು ತಾಗಿಸಬಾರದು ಎಂಬ ಮಾತನ್ನು ಮೂಡಿಗೆರೆಯ ಸುತ್ತಮುತ್ತ ಯಾರ ಮನೆಗೆ ಹೋದರೂ ಕೇಳಬಹುದು. ಸಿದ್ಧ ತೋಟಾ ಹಾಕುವ ಕೋವಿಯ ಮಟ್ಟಿಗೆ ಅದು ಸರಿಯಿರಬಹುದು. ನಳಿಗೆಯ ಬಾಯಿಯಿಂದ ಕರಿಮದ್ದು ತುಂಬಿ, ಹಿಂಬದಿಗೆ ಕಿಡಿ ಕೊಡುವ ಪುಟ್ಟ ಕೇಪು ಕೂರಿಸಿ ಸಿಡಿಸುವ ಕೇಪಿನ ಕೋವಿಯ ವಿಷಯದಲ್ಲಿ ನಾನು ಒಪ್ಪುವುದಿಲ್ಲ. ಸೀಮೆಎಣ್ಣೆ, ಬಿಸಿನೀರು, ಅಂಗಡಿಯ ಸ್ಪ್ರೇ ಮೂರನ್ನೂ ಒಂದೇ ಕೋವಿಯ ಮೇಲೆ ಬಳಸಿ ನೋಡಿದ ಮೇಲೆ ಹೇಳುತ್ತಿರುವ ಮಾತಿದು.

ಮೊದಲೇ ಒಂದು ವಿಷಯ ಸ್ಪಷ್ಟವಾಗಿರಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಈಗ ನಮಗೆ ಬೇಟೆಯ ಕಾಲ ಎಂಬುದಿಲ್ಲ. ಅಮೆರಿಕದ ಕೆಲವು ರಾಜ್ಯಗಳಲ್ಲಿ ಇಂಥ ಕೋವಿಗೆಂದೇ ಬೇರೆ ಸೀಸನ್ ಇದೆ, ಅದು ಅವರ ಪಾಡು. ನಮ್ಮ ಕೈಯಲ್ಲಿರುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದ ಕೋವಿ. ಗದ್ದೆ ಹಾಲುಗಟ್ಟುವ, ಏಲಕ್ಕಿ ಬಲಿಯುವ, ಕಾಫಿ ಹಣ್ಣಾಗುವ ತಿಂಗಳುಗಳೇ ನಮ್ಮ ಸೀಸನ್. ಮಂಗನ ಹಿಂಡು ಚದುರಲು, ಹಂದಿ ಗದ್ದೆ ಬಿಟ್ಟು ಏಳಲು ಸೀಸದ ಚರೆಯಿಲ್ಲದ ಬರೀ ಮದ್ದಿನ ಸದ್ದು ಸಾಕು. ಆದರೆ ಆ ಸದ್ದು ಬೇಕಾದ ಹೊತ್ತಿಗೆ ಬರಬೇಕು. ಕೇಪಿಗೆ ಬಡಿಯುವ ಕುದುರೆ ಬಿದ್ದು 'ಟಕ್' ಎಂದಷ್ಟೇ ಆದರೆ ಮಂಗಗಳಿಗೂ ನಮ್ಮ ಬಗ್ಗೆ ಸಲಿಗೆ ಬೆಳೆಯುತ್ತದೆ.

ಯಾವ ಸ್ವಚ್ಛತೆಗೂ ಮುನ್ನ ಗಜವನ್ನು, ಅಂದರೆ ಮದ್ದು ಜಡಿಯುವ ಉದ್ದ ಸರಳನ್ನು, ನಳಿಗೆಯೊಳಗೆ ಇಳಿಬಿಡಬೇಕು. ಖಾಲಿ ನಳಿಗೆಯ ತಳಕ್ಕೆ ತಾಗಿದರೆ 'ಠಣ್' ಎನ್ನುತ್ತದೆ. ಒಳಗೆ ಮದ್ದು ಉಳಿದಿದ್ದರೆ ಸದ್ದು ಮಂದವಾಗಿರುತ್ತದೆ, ಗಜವೂ ಅಷ್ಟು ಎತ್ತರದಲ್ಲೇ ನಿಲ್ಲುತ್ತದೆ. ಖಾಲಿ ನಳಿಗೆಯಲ್ಲಿ ಗಜ ಎಲ್ಲಿಯವರೆಗೆ ಇಳಿಯುತ್ತದೆಂದು ಅದರ ಮೇಲೆ ಒಂದು ಗೀರು ಹಾಕಿಟ್ಟುಕೊಂಡರೆ ಊಹೆಯ ಪ್ರಶ್ನೆಯೇ ಇಲ್ಲ.

ಈಗ ಸೀಮೆಎಣ್ಣೆಯ ಕಥೆ. ಸಕಲೇಶಪುರದ ನಮ್ಮ ಭಾವ ಅದರ ಕಟ್ಟಾ ಪಕ್ಷಪಾತಿ. ಬಟ್ಟೆಗೆ ಸೀಮೆಎಣ್ಣೆ ಸುರಿದು ಗಜಕ್ಕೆ ಸುತ್ತಿ ನಾಲ್ಕು ಸಲ ಎಳೆದರೆ ಬಟ್ಟೆ ಕಪ್ಪಾಗಿ ಬರುತ್ತದೆ, ನಳಿಗೆ ಒಳಗೆ ಮಿರಮಿರ ಮಿಂಚುತ್ತದೆ, ಕೈಯೂ ಒದ್ದೆಯಾಗುವುದಿಲ್ಲ. ನೋಡಲು ಇದಕ್ಕಿಂತ ಸುಲಭದ ದಾರಿಯಿಲ್ಲ. ಆದರೆ ಶ್ರಾವಣದ ಜಡಿಮಳೆಯಲ್ಲಿ ವಾರ ಬಿಟ್ಟು ಅದೇ ನಳಿಗೆಗೆ ಬಿಳಿ ಬಟ್ಟೆ ಹಾಕಿದರೆ ಕೆಂಪು ಮಣ್ಣು ಒರೆಸಿದಂತೆ ತುಕ್ಕು ಮೆತ್ತಿಕೊಂಡು ಬರುತ್ತದೆ.

ಕಾರಣ ಮದ್ದಿನಲ್ಲೇ ಇದೆ. ಕರಿಮದ್ದು ಎಂದರೆ ಮುಖ್ಯವಾಗಿ ಪೆಟ್ಲುಪ್ಪು (ಪೊಟ್ಯಾಸಿಯಂ ನೈಟ್ರೇಟ್), ಜೊತೆಗೆ ಇದ್ದಿಲು ಮತ್ತು ಗಂಧಕ. ಅದು ಉರಿದಾಗ ಅರ್ಧಕ್ಕಿಂತ ಹೆಚ್ಚು ತೂಕ ಹೊಗೆಯಾಗಿ ಹೋಗದೆ ಘನರೂಪದಲ್ಲೇ ಉಳಿಯುತ್ತದೆ. ನಳಿಗೆಯ ಗೋಡೆಗೆ ಅಂಟುವ ಆ ಕಿಟ್ಟದಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್, ಸಲ್ಫೇಟ್, ಸಲ್ಫೈಡ್‌ಗಳಂಥ ಲವಣಗಳೇ ಹೆಚ್ಚು. ಕಾರ್ಬೊನೇಟಂತೂ ಗಾಳಿಯ ತೇವವನ್ನು ಎಳೆದುಕೊಂಡು ತಾನೇ ನೀರಾಗುವ ಜಾತಿಯದು. ಲವಣ ಸೀಮೆಎಣ್ಣೆಯಲ್ಲಿ ಕರಗುವುದಿಲ್ಲ. ಬಟ್ಟೆಗೆ ಹತ್ತಿದಷ್ಟು ಮಸಿ ಬರುತ್ತದೆ, ಉಪ್ಪು ಕಬ್ಬಿಣದ ಸಣ್ಣ ಗೀರುಗಳಲ್ಲಿ ಕೂತೇ ಇರುತ್ತದೆ. ಅದರ ಮೇಲೆ ಎಣ್ಣೆ ಸವರಿದರೆ ತುಕ್ಕನ್ನು ಮುಚ್ಚಳ ಹಾಕಿ ಬೆಳೆಸಿದ ಹಾಗೆ.

ಬಿಸಿನೀರಿನ ವಿಧಾನಕ್ಕೆ ನಮ್ಮ ಮನೆಗಳಲ್ಲಿ ಪ್ರತ್ಯೇಕ ಸಿದ್ಧತೆಯೇ ಬೇಡ, ಬಚ್ಚಲ ಹಂಡೆ ಹೇಗೂ ಕಾಯುತ್ತಿರುತ್ತದೆ. ವಿದೇಶಿ ಕೋವಿಗಳಲ್ಲಿ ನಳಿಗೆಯ ಹಿಂಬದಿಯ ತಿರುಪು ಬಿಚ್ಚಿ ಆರಪಾರ ತೊಳೆಯಬಹುದು. ನಮ್ಮ ಹಳೆಯ ಒಂಟಿ ನಳಿಗೆಯ ಹಿಂಬದಿಯನ್ನು ಕಮ್ಮಾರನೂ ಬಿಚ್ಚಲು ಹಿಂದೇಟು ಹಾಕುತ್ತಾನೆ. ಹಾಗಾಗಿ ಕೇಪು ಕೂರಿಸುವ ನಿಪ್ಪಲನ್ನು ಮಾತ್ರ ಬಿಚ್ಚುತ್ತೇನೆ. ನಳಿಗೆಯ ಬಾಯಿಗೆ ಆಲಿಕೆಯಲ್ಲಿ ನೀರು ಸುರಿದರೆ ನಿಪ್ಪಲಿನ ತೂತಿನಿಂದ ಹೊರಬರುತ್ತದೆ, ಆದರೆ ಅರ್ಧ ನೀರು ಮರದ ಹಿಡಿಯೊಳಗೂ ಕುದುರೆಯ ಯಂತ್ರದೊಳಗೂ ಇಳಿಯುತ್ತದೆ. ಡ್ರಿಪ್ ಪೈಪಿನ ಸಣ್ಣ ಕೊಳವೆಯನ್ನು ಆ ತೂತಿಗೆ ಬಿಗಿಯಾಗಿ ಸಿಕ್ಕಿಸಿ, ಇನ್ನೊಂದು ತುದಿಯನ್ನು ಬಿಸಿನೀರಿನ ಬಕೆಟ್ಟಿಗೆ ಬಿಟ್ಟು, ಬಟ್ಟೆ ಸುತ್ತಿದ ಗಜವನ್ನು ಮೇಲೆ ಕೆಳಗೆ ಆಡಿಸುವುದು ಎಷ್ಟೋ ಪಾಲು ಮೇಲು. ಗಜ ಮೇಲೆಳೆದಾಗ ನೀರು ನಳಿಗೆಗೆ ಏರುತ್ತದೆ, ಒತ್ತಿದಾಗ ಮಸಿನೀರಾಗಿ ಬಕೆಟ್ಟಿಗೆ ಬೀಳುತ್ತದೆ. ಜೊತೆಗೇ ಕೊಳೆತ ಮೊಟ್ಟೆಯ ನಾತ ಏಳುತ್ತದೆ. ಅದು ಗಂಧಕದ ಉಳಿಕೆ ಹೊರಬೀಳುತ್ತಿರುವ ಗುರುತು. ಮನೆಯವರು ಎಷ್ಟೇ ಬೈದರೂ ನನಗೆ ಸಮಾಧಾನ ಕೊಡುವ ನಾತ.

ನೀರಿಗೆ ಸಾಬೂನು ಪುಡಿ ಹಾಕಿಯೂ ನೋಡಿದ್ದೇನೆ, ಅಂಟುವಾಳದ ನೊರೆ ಹಾಕಿಯೂ ನೋಡಿದ್ದೇನೆ. ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಕೆಲಸ ಮಾಡುವುದು ನೀರು. ನೀರು ಬಿಸಿಯಿದ್ದರೆ ಇನ್ನೊಂದು ಲಾಭವಿದೆ: ಕಬ್ಬಿಣವೇ ಕಾಯುವುದರಿಂದ ನಳಿಗೆ ಬೇಗ ಆರುತ್ತದೆ. ಒರೆಸುವಾಗ ಬಟ್ಟೆಗೆ ತಿಳಿ ಕಂದು ಬಣ್ಣ ಹತ್ತಿದರೆ ಗಾಬರಿ ಬೇಡ, ಅದು ಕ್ಷಣದಲ್ಲಿ ಮೂಡುವ ತೆಳು ತುಕ್ಕು, ಎಣ್ಣೆಬಟ್ಟೆಗೆ ಹೊರಟುಹೋಗುತ್ತದೆ.

ಡಬ್ಲ್ಯುಡಿ-40 ಸ್ಪ್ರೇಯನ್ನು ಕೆಲವರು ಸರ್ವರೋಗಕ್ಕೂ ಮದ್ದೆಂದು ನಂಬಿದ್ದಾರೆ. ಅದರ ಹೆಸರಿನ ಅರ್ಥವೇ ನೀರನ್ನು ತಳ್ಳುವುದು, ಆ ಕೆಲಸದಲ್ಲಿ ಅದಕ್ಕೆ ಸಾಟಿಯಿಲ್ಲ. ತೊಳೆದ ಮೇಲೆ ನಿಪ್ಪಲಿನ ಸಂದಿಯಲ್ಲಿ ನಿಂತ ಹನಿಗಳನ್ನು ಓಡಿಸಲು ಬಳಸುತ್ತೇನೆ. ತೊಳೆಯುವುದರ ಬದಲಿಗೆ ಬಳಸಿದರೆ ಸೀಮೆಎಣ್ಣೆಯ ಪಾಡೇ. ಅದೊಂದನ್ನೇ ನಂಬಿ ಮಳೆಗಾಲ ಕಳೆಯುವಷ್ಟು ದಪ್ಪದ ಪದರವೂ ಅದರದ್ದಲ್ಲ.

ಎಣ್ಣೆಯಲ್ಲಿ ಪೈಪೋಟಿ ಇರುವುದು ಕೊಬ್ಬರಿ ಎಣ್ಣೆಗೂ ಹೊಲಿಗೆ ಯಂತ್ರದ ಎಣ್ಣೆಗೂ. ಕೊಬ್ಬರಿ ಎಣ್ಣೆಗೆ ಒಂದು ದೊಡ್ಡ ಗುಣವಿದೆ. ಒಂದೇ ದಿನ ಮತ್ತೆ ಮತ್ತೆ ಮದ್ದು ತುಂಬಬೇಕಾದಾಗ ನಡುವೆ ಎಣ್ಣೆ ಸವರಿದ ಬಟ್ಟೆ ಎಳೆದರೆ ಕಿಟ್ಟ ಮೆತ್ತಗೆ ಉಳಿಯುತ್ತದೆ, ಗಜ ಸಿಕ್ಕಿಕೊಳ್ಳುವುದಿಲ್ಲ. ಹೊಲಿಗೆ ಯಂತ್ರದ ಎಣ್ಣೆಯಂಥ ಖನಿಜ ಎಣ್ಣೆ ಸೇರಿದರೆ ಅದೇ ಕಿಟ್ಟ ಡಾಂಬರಿನಂತೆ ಜಿಗುಟಾಗುತ್ತದೆ. ಆದರೆ ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಡಿಸೆಂಬರಿನ ಮುಂಜಾವಿಗೆ ಇಲ್ಲಿ ಅಷ್ಟು ಬಿಸಿ ಎಲ್ಲಿಯದು? ನಿಪ್ಪಲಿನ ಸೂಜಿತೂತಿನಲ್ಲಿ ಬಿಳಿಯಾಗಿ ಹೆಪ್ಪುಗಟ್ಟಿ ಕೂತರೆ ಕೇಪಿನ ಕಿಡಿ ಮದ್ದನ್ನು ಮುಟ್ಟುವುದೇ ಇಲ್ಲ. ತಿಂಗಳುಗಟ್ಟಲೆ ಇಟ್ಟರೆ ಕನರುವಾಸನೆಯ ಅಂಟು ಬೇರೆ. ಆದ್ದರಿಂದ ಬಳಸುವ ದಿನ ಕೊಬ್ಬರಿ ಎಣ್ಣೆ, ಎತ್ತಿಡುವಾಗ ಹೊಲಿಗೆ ಯಂತ್ರದ ಎಣ್ಣೆ. ಮತ್ತೆ ತೆಗೆದಾಗ ಒಣಬಟ್ಟೆಯಿಂದ ಎಣ್ಣೆಯ ಪಸೆಯನ್ನೆಲ್ಲ ಒರೆಸಿ, ಮದ್ದು ತುಂಬುವ ಮೊದಲು ನಳಿಗೆಯ ಬಾಯಿಯನ್ನು ನೆಲದ ತರಗೆಲೆಗೆ ಹಿಡಿದು ಬರೀ ಕೇಪೊಂದನ್ನು ಹೊಡೆಯುತ್ತೇನೆ. ಎಲೆ ಅಲುಗಿದರೆ ದಾರಿ ತೆರೆದಿದೆ ಎಂದರ್ಥ. ಟ್ರ್ಯಾಕ್ಟರಿನಿಂದ ಇಳಿಸಿದ ಹಳೆಯ ಎಂಜಿನ್ ಆಯಿಲ್ ಮಾತ್ರ ಬೇಡವೇ ಬೇಡ. ಅದರಲ್ಲಿ ಮಸಿಯೂ ಇದೆ, ಆಮ್ಲವೂ ಇದೆ.

ಮಳೆಯಲ್ಲಿ ಹೊರಡುವಾಗ ಬಾಯಿಗೆ ಎಲೆಕ್ಟ್ರಿಕ್ ಕೆಲಸದ ಕಪ್ಪು ಟೇಪಿನ ಒಂದು ತುಂಡು, ನಿಪ್ಪಲಿನ ಮೇಲೆ ಚರ್ಮದ ತುಂಡು. ಟೇಪು ಎಷ್ಟು ತೆಳುವೆಂದರೆ ಮುಂದೆ ನುಗ್ಗುವ ಗಾಳಿಗೇ ಹಾರುತ್ತದೆ. ಬಾಯಿಗೆ ಬಟ್ಟೆ ತುರುಕುವವರನ್ನು ಕಂಡಿದ್ದೇನೆ, ನಳಿಗೆ ಸೀಳಿಸಿಕೊಳ್ಳಲು ಅದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಕೇಪಿನ ಸುತ್ತ ಜೇನುಮೇಣ ಒತ್ತುವುದು ಹಳಬರ ಕ್ರಮ, ಚೆನ್ನಾಗಿಯೇ ತಡೆಯುತ್ತದೆ. ಆದರೆ ಅದಕ್ಕಾಗಿ ಮನೆಯಿಂದಲೇ ಕೇಪು ಹಾಕಿಕೊಂಡು ಹೊರಡಬೇಕು. ಕಾಲು ಜಾರುವ ಕಾಫಿ ಇಳಿಜಾರಿನಲ್ಲಿ ನಾನದಕ್ಕೆ ತಯಾರಿಲ್ಲ. ಕೇಪು ಜೇಬಿನ ಡಬ್ಬಿಯಲ್ಲಿರಲಿ, ಜಾಗ ತಲುಪಿದ ಮೇಲೆ ಹಾಕಿದರಾಯಿತು.

ಇಡುವ ಜಾಗದ ಬಗ್ಗೆ ಹೇಳುವುದಾದರೆ, ಒಲೆಯ ಮೇಲಿನ ಅಟ್ಟ ಬೆಚ್ಚಗಿದ್ದರೂ ಅಲ್ಲಿನ ಬಿಸಿಗೆ ಒಣಗಿ ಮರದ ಹಿಡಿ ಬಿರುಕು ಬಿಡುತ್ತದೆ. ಮದ್ದನ್ನಂತೂ ಆ ದಿಕ್ಕಿಗೇ ಒಯ್ಯಬಾರದು. ಒಳಗೆ ಸ್ಪಂಜು ಹಾಕಿದ ರೆಕ್ಸಿನ್ ಚೀಲ ತೇವವನ್ನು ಹಿಡಿದಿಟ್ಟು ಕೋವಿಗೆ ಉಣಿಸುತ್ತದೆ. ಬೀಗವಿರುವ ಕಬ್ಬಿಣದ ಬೀರುವಿನಲ್ಲಿ, ಮಲೆನಾಡಿನವರು ಬಟ್ಟೆಗೆ ಬೂಷ್ಟು ಹಿಡಿಯದಂತೆ ಇಡುವ ಸಣ್ಣ ಬಲ್ಬು ಒಂದು ಉರಿಯುತ್ತಿದ್ದರೆ ಸಾಕು. ಎಲ್ಇಡಿ ಬೇಡ, ಬಿಸಿಯೇ ಇಲ್ಲದ ಬಲ್ಬಿನಿಂದ ಬೀರು ಬೆಳಗುತ್ತದೆ ಅಷ್ಟೆ. ನಳಿಗೆಯ ಬಾಯಿ ಕೆಳಗೆ ಮಾಡಿ ನಿಲ್ಲಿಸಬೇಕು, ಇಲ್ಲವಾದರೆ ಎಣ್ಣೆಯೆಲ್ಲ ಇಳಿದು ನಿಪ್ಪಲಿನಲ್ಲೇ ನಿಲ್ಲುತ್ತದೆ.

ಚುನಾವಣೆ ಬಂದಾಗ ಕೋವಿಯನ್ನು ಠಾಣೆಯಲ್ಲಿ ಠೇವಣಿ ಇಡಬೇಕಾಗುತ್ತದೆ. ಅಲ್ಲಿ ಬಲ್ಬೂ ಇಲ್ಲ, ವಾರಕ್ಕೊಮ್ಮೆ ಒರೆಸುವವರೂ ಇಲ್ಲ. ಆಗ ಮಾತ್ರ ಭಾವನ ಗ್ರೀಸ್ ಡಬ್ಬಿಗೆ ನನ್ನ ಓಟು: ಬಿಸಿನೀರಿನಲ್ಲಿ ತೊಳೆದು, ಚೆನ್ನಾಗಿ ಆರಿಸಿ, ಒಳಗೂ ಹೊರಗೂ ತೆಳುವಾಗಿ ಗ್ರೀಸ್ ಸವರಿ ಕೊಟ್ಟರೆ ಫಲಿತಾಂಶ ಬಂದ ಮೇಲೂ ನಳಿಗೆ ಕೊಟ್ಟಂತೆಯೇ ಇರುತ್ತದೆ. ವಾಪಸು ತಂದ ದಿನ ಆ ಗ್ರೀಸ್ ತೆಗೆಯಲು ಸೀಮೆಎಣ್ಣೆಯೇ ಬೇಕು.